ರೊಟ್ಟಿ ಬಡಿಯುವ ಆಟ

ಹುಬ್ಬಳ್ಳಿ ಕಮರಿಪೇಟೆಯ ನೀಲಕಂಠಪ್ಪನ ಅಡುಗೆಮನೆಗೆ ಮೈಕು ಬಂದ ದಿನ ಎಲ್ಲರಿಗಿಂತ ಮೊದಲು ನಕ್ಕವನು ಅವನ ಮಗ ಶಿವಯೋಗೀಶ.

“ಆಯೀ, ಇನ್ನಮ್ಯಾಲೆ ನಿನ್ನ ರೊಟ್ಟಿ ಧಾರವಾಡ ರೇಡಿಯೋದಾಗ ಬರ್ತಾವ ನೋಡು!”

“ಬಂದ್ರ ನಿನಗ್ಯಾಕ ಹೊಟ್ಟಿಕಿಚ್ಚು? ತಾಟ ಹಿಡಿ,” ಎಂದಳು ಅಜ್ಜಿ ಸಂಗವ್ವ, ಬಡಿಯುವ ಕೈ ನಿಲ್ಲಿಸದೆ.

ಅದು ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ಹಳೆಯ ಟೇಪ್ ರೆಕಾರ್ಡರಿನ ಮೈಕನ್ನು ಒಲೆಯ ಪಕ್ಕ ಹಿಡಿದು ಕೂತಿದ್ದವಳು ಮೊಮ್ಮಗಳು ಐಶ್ವರ್ಯಾ. ಬಿಸಿಎ ಮುಗಿಸಿ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಮಧ್ಯಾಹ್ನ ಪಾಠ ಹೇಳುತ್ತಿದ್ದಳು. ಉಳಿದ ಹೊತ್ತೆಲ್ಲ ಮಾಳಿಗೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ. ಅಲ್ಲಿ ಅವಳ ಜೊತೆ ಕೂರುತ್ತಿದ್ದವಳು ಹಿಂದಿನ ಓಣಿಯ ಗುಲಾಬಸಾಬನ ಮಗಳು ಅಬೀದಾ. ಐಶ್ವರ್ಯಾ ಪ್ರೋಗ್ರಾಮ್ ಬರೆಯುವವಳು, ಅಬೀದಾ ಚಿತ್ರ ಬಿಡಿಸುವವಳು. ಇಬ್ಬರೂ ಸೇರಿ ಮೊಬೈಲಿನಲ್ಲಿ ಆಡುವ ಒಂದು ಆಟ ಕಟ್ಟುತ್ತಿದ್ದರು.

ಆಟ ರೊಟ್ಟಿಯದು. ಫೋನಿನ ಎರಡು ಗುಂಡಿಗಳನ್ನು ಒಂದಾದಮೇಲೊಂದು ಒತ್ತುತ್ತಿದ್ದರೆ ಎರಡು ಕೈಗಳು ಹಿಟ್ಟು ಬಡಿಯುತ್ತವೆ. ಬಡಿಯುವ ಸದ್ದು ಮೈಕಿನಲ್ಲಿ ಹಿಡಿದ ಸಂಗವ್ವನ ಕೈಯದೇ, ಕಡಗದ ಸಪ್ಪಳದ ಸಮೇತ. ತಾಳ ತಪ್ಪಿದರೆ ಅಂಚು ಹರಿಯುತ್ತದೆ. ತಪ್ಪದಿದ್ದರೆ ರೊಟ್ಟಿ ದುಂಡಗೆ ಅಗಲವಾಗುತ್ತದೆ, ಹಂಚಿಗೆ ಬೀಳುತ್ತದೆ, ಮೇಲೆ ನೀರು ಸವರಬೇಕು, ನೀರು ಆರುವುದರೊಳಗೆ ಹೊರಳಿಸಿ ಹಾಕಬೇಕು. ಅಷ್ಟರಲ್ಲಿ ಉಣ್ಣುವವರ ಸಾಲು ಬೆಳೆಯುತ್ತಾ ಹೋಗುತ್ತದೆ: ಅಳುವ ಕೂಸು, ಸಿಟ್ಟಿನ ಮಾವ, ಹೇಳದೆ ಕೇಳದೆ ಬಂದ ಬೀಗರು. ಸಿಟ್ಟಿನ ಮಾವನಿಗೆ ಅಬೀದಾ ನೀಲಕಂಠಪ್ಪನ ಮೀಸೆಯನ್ನೇ ಇಟ್ಟಿದ್ದಳು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಆಟ ತಪ್ಪು ಮಾಡಿದರೆ ತಿದ್ದುವವಳು ಸಂಗವ್ವ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ಏ ಹುಡುಗೀ, ಇಷ್ಟ ಜಲ್ದಿ ರೊಟ್ಟಿ ಉಬ್ಬೂದಿಲ್ಲ. ಬೆಂಕಿ ಸಣ್ಣದ ಮಾಡು,” ಎನ್ನುವಳು. ಐಶ್ವರ್ಯಾ ಮಾಳಿಗೆ ಹತ್ತಿ ಬೆಂಕಿ ಸಣ್ಣದು ಮಾಡಿ ಬರುವಳು. ಆಮೇಲೆ ನೋಡಿದರೆ ಖರೇನೇ ಆಟ ಮೊದಲಿಗಿಂತ ಮಜಾ ಬರುತ್ತಿತ್ತು.

ನೀಲಕಂಠಪ್ಪನಿಗೆ ಮಾತ್ರ ಇದೆಲ್ಲ ಹುಚ್ಚಾಟ. ಅಮರಗೋಳದ ಮಾರುಕಟ್ಟೆಯಲ್ಲಿ ಅವನದು ಕಾಳಿನ ಅಂಗಡಿ. ಮಗ ಶಿವಯೋಗೀಶನೂ ಅಲ್ಲೇ.

“ಮಂದಿ ಫೋನ್ ಹಿಡಕೊಂಡು ರೊಟ್ಟಿ ಬಡಿತಾರೇನ? ಅದರಿಂದ ಹೊಟ್ಟಿ ತುಂಬತೈತೇನ?”

“ಕ್ರಿಕೆಟ್ ನೋಡಿದ್ರ ನಿಮ್ಮ ಹೊಟ್ಟಿ ತುಂಬತೈತೇನ್ರಿ ಅಪ್ಪಾ?” ಎಂದಳು ಐಶ್ವರ್ಯಾ.

ತಾಯಿ ದ್ರಾಕ್ಷಾಯಿಣಿ ಪಲ್ಯ ಬಡಿಸುತ್ತಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಆಟ ಮುಗಿಯಿತು. ತೆರೆದ ಕೂಡಲೇ ಕಾಣುವ ಮೊದಲ ಚಿತ್ರದಲ್ಲಿ ಸಂಗವ್ವನ ಒಲೆ, ಅದರ ಕೆಳಗೆ ‘ಅಬೀದಾ, ಐಶ್ವರ್ಯಾ, ಹುಬ್ಬಳ್ಳಿ’ ಎಂಬ ಅಕ್ಷರ. ಆ ಒಂದು ಸಾಲಿಗಾಗಿ ಅಬೀದಾ ವಾರಗಟ್ಟಲೆ ಕೂತಿದ್ದಳು. ಅಷ್ಟು ಸಣ್ಣ ಪರದೆಯ ಮೇಲೆ ಕನ್ನಡ ಅಕ್ಷರ ಓದುವ ಹಾಗೆ ಮಾಡುವುದು ಸುಲಭವಿರಲಿಲ್ಲ.

ಮಾಡಿದ್ದಾಯಿತು, ಮಾರುವುದು ಎಲ್ಲಿ? ಆಗ ಮೊಬೈಲಿಗೆ ಆಟ ಬರುತ್ತಿದ್ದದ್ದು ಸಿಮ್ ಕಂಪನಿಗಳ ಮೂಲಕ. ಐಶ್ವರ್ಯಾ ಒಂದು ಸಿಮ್ ಕಂಪನಿಗೆ ಬರೆದಳು. ನಾವು ಬಿಡಿ ಮಂದಿಯ ಹತ್ತಿರ ಆಟ ಕೊಳ್ಳುವುದಿಲ್ಲ, ನಮ್ಮ ಜೊತೆ ಕರಾರು ಇರುವ ದೊಡ್ಡ ಕಂಪನಿಗಳ ಮೂಲಕ ಬನ್ನಿ ಎಂದು ಉತ್ತರ ಬಂತು. ಆ ದೊಡ್ಡ ಕಂಪನಿಗಳು ಬೇರೆಯವರ ಆಟವನ್ನೂ ಮಾರುತ್ತಿದ್ದವು, ತಮ್ಮದನ್ನೂ ಮಾರುತ್ತಿದ್ದವು. ಬಾಗಿಲು ಕಾಯುವವನೇ ಒಳಗೆ ಅಂಗಡಿಯನ್ನೂ ಇಟ್ಟುಕೊಂಡರೆ ಹೊರಗೆ ಬುಟ್ಟಿ ಹೊತ್ತು ನಿಂತವರ ಗತಿ ಏನು? ಇದನ್ನು ಕೇಳುವವರು ಯಾರೂ ಇರಲಿಲ್ಲ.

ಅದೇ ಹೊತ್ತಿಗೆ ಕಲ್ಲೇಶ ಊರಿಗೆ ಬಂದ. ಅಮರಗೋಳದಲ್ಲಿ ನೀಲಕಂಠಪ್ಪನ ಪಕ್ಕದ ಅಂಗಡಿಯ ಹೊಳೆಯಪ್ಪನ ಮಗ. ಮುಂಬೈಯ ಒಂದು ದೊಡ್ಡ ಆಟದ ಕಂಪನಿಯಲ್ಲಿ ಕೆಲಸ. ನೀಲಕಂಠಪ್ಪ ಅವನನ್ನು ಚಹಾಕ್ಕೆಂದು ಮನೆಗೆ ಕರೆದುಕೊಂಡು ಬಂದ. ಐಶ್ವರ್ಯಾ ಸೆಂಟರಿಗೆ ಹೋಗಿದ್ದಳು.

“ತಂಗಿ ಏನೋ ಆಟ ಮಾಡ್ಯಾಳಂತಲ್ಲ ಕಾಕಾ. ಕೊಡ್ರಿ, ನಮ್ಮ ಸಾಹೇಬ್ರಿಗೆ ತೋರಸ್ತೇನಿ. ಅವರ ಕಣ್ಣಿಗೆ ಬಿದ್ರ ಅಕಿ ನಶೀಬನ ಬ್ಯಾರೆ.”

ನೀಲಕಂಠಪ್ಪನಿಗೆ ಮೊದಲ ಸಲ ಮಗಳ ಕೆಲಸದಲ್ಲಿ ಏನೋ ಇದೆ ಅನಿಸಿತು. ತಾನೇ ಮಾಳಿಗೆ ಹತ್ತಿ, ಮೇಜಿನ ಮೇಲಿದ್ದ ಡಿಸ್ಕು ತಂದ.

“ಅಕಿ ಬರಲಿ, ತಡೀರಿ,” ಎಂದಳು ದ್ರಾಕ್ಷಾಯಿಣಿ ಬಾಗಿಲಲ್ಲಿ ನಿಂತು.

“ಮಾಲು ತೋರಸಾಕ ಪಂಚಾಂಗ ನೋಡಬೇಕೇನ? ನಮ್ಮ ಹೊಳೆಯಪ್ಪನ ಮಗ ಇಂವ, ದಾರ್‍ಯಾಗ ಸಿಕ್ಕಾಂವಲ್ಲ,” ಎಂದು ನೀಲಕಂಠಪ್ಪ ಡಿಸ್ಕನ್ನು ಕಲ್ಲೇಶನ ಕೈಗಿಟ್ಟ.

ಅವನ ದಂಧೆಯಲ್ಲಿ ಅದು ಸರಿಯೇ. ಹೆಸರುಕಾಳು ಕೊಳ್ಳಲು ಬಂದವನಿಗೆ ಚೀಲ ಬಿಚ್ಚಿ ಒಂದು ಹಿಡಿ ಕೊಡುತ್ತಾರೆ. ಕೊಡದವನ ಮಾಲಿನಲ್ಲಿ ಹುಳ ಇದೆ ಎಂದೇ ಮಂದಿ ತಿಳಿಯುತ್ತಾರೆ. ಒಯ್ದ ಹಿಡಿಕಾಳನ್ನು ಯಾರೂ ತಿರುಗಿ ಕೇಳುವುದಿಲ್ಲ, ಚೀಲ ಅಂಗಡಿಯಲ್ಲೇ ಇರುತ್ತದಲ್ಲ. ಆದರೆ ಆ ಡಿಸ್ಕಿನಲ್ಲಿ ಹಿಡಿಕಾಳು ಎಂಬುದೇ ಇರಲಿಲ್ಲ. ಐಶ್ವರ್ಯಾ ಬರೆದ ಒಂದೊಂದು ಸಾಲು, ಅಬೀದಾಳ ಒಂದೊಂದು ಚಿತ್ರ, ಸಂಗವ್ವನ ಕೈಯ ಸದ್ದು ಎಲ್ಲವೂ ಅದರಲ್ಲಿತ್ತು. ಚೀಲದ ಜೊತೆಗೆ ಕಾಳು ಬೆಳೆದ ಹೊಲವನ್ನೂ ಬರೆದುಕೊಟ್ಟ ಹಾಗಾಯಿತು.

ಸಂಜೆ ಮಗಳು ಬಂದು ಕೇಳಿದಾಗ ನೀಲಕಂಠಪ್ಪ ಹಿಗ್ಗಿನಿಂದಲೇ ಹೇಳಿದ. ಐಶ್ವರ್ಯಾ ಹೆಗಲ ಚೀಲವನ್ನೂ ಇಳಿಸದೆ ನಿಂತಳು.

“ಯಾವ ಡಿಸ್ಕ್ ಕೊಟ್ರಿ?”

“ಮೇಜಿನ ಮ್ಯಾಲಿಂದು.”

“ಅಪ್ಪಾ! ಆಟ ಫೋನಿನ್ಯಾಗ ಐತ್ರಿ, ಅದನ್ನ ತೋರಿಸಿದ್ರ ಸಾಕಾಗ್ತಿತ್ತು. ಡಿಸ್ಕಿನ್ಯಾಗ ಇದ್ದದ್ದು ಆಟ ಮಾಡೂ ವಿದ್ಯಾ. ಅದನ್ನ ಯಾರಿಗೂ ಕೊಡೂದಿಲ್ರಿ!”

“ನೋಡಿ ತಿರುಗಿ ಕೊಡ್ತಾನ ತಗೀ. ಎಲ್ಲಾರೂ ಕಳ್ಳರಂತ ತಿಳಕೊಂಡ್ರ ದಂಧೆ ಆಗೂದಿಲ್ಲ.”

ಐಶ್ವರ್ಯಾ ಕಲ್ಲೇಶನಿಗೆ ಫೋನ್ ಮಾಡಿದಳು. ಅವನು ಆಗಲೇ ಬಸ್ಸಿನಲ್ಲಿದ್ದ. “ಬರೀ ತೋರಸ್ತೇನಿ ತಂಗೀ, ನಂಬಿಕಿ ಇಲ್ಲೇನ?” ಎಂದು ನಕ್ಕ. ಆಮೇಲೆ ಅವಳು ಎಷ್ಟು ಸಲ ಮಾಡಿದರೂ ಅವನು ಫೋನ್ ಎತ್ತಲಿಲ್ಲ.

ಮರುವರ್ಷದ ಪಂಚಮಿ ಹಬ್ಬದ ಉಂಡಿಗಳು ಡಬ್ಬಿಯಲ್ಲಿ ಇನ್ನೂ ಉಳಿದಿದ್ದವು. ಶಿವಯೋಗೀಶ ಪಡಸಾಲೆಯಲ್ಲಿ ಒರಗಿಕೊಂಡು ಉಂಡಿ ತಿನ್ನುತ್ತಾ ಹೊಸ ಫೋನಿನಲ್ಲಿ ಏನೋ ಆಡುತ್ತಿದ್ದ. ಅಡುಗೆಮನೆಯಿಂದ ಬಂದ ಸಂಗವ್ವ ಹೊಸ್ತಿಲಲ್ಲೇ ನಿಂತಳು.

“ಅದು ಏನೋ ಸಪ್ಪಳ?”

“ಆಟ ಆಯೀ. ಪಿಜ್ಜಾ ರಾಜಾ ಅಂತ. ಟೀವ್ಯಾಗ ಜಾಹೀರಾತ ಬರಾಕತ್ತೈತಲ್ಲ, ಅದು.”

“ಇನ್ನೊಮ್ಮಿ ಹಚ್ಚು.”

ಶಿವಯೋಗೀಶ ಗುಂಡಿ ಒತ್ತಿದ. ಪರದೆಯ ಮೇಲೆ ಬಿಳಿ ಟೊಪ್ಪಿಗೆಯ ದಪ್ಪ ಗಂಡಸೊಬ್ಬ ಹಿಟ್ಟು ಬಡಿಯುತ್ತಿದ್ದ. ಬಡಿದಾಗಲೆಲ್ಲ ಅವನ ಬೋಳು ಕೈಗಳಿಂದ ಕಡಗದ ಸದ್ದು ಬರುತ್ತಿತ್ತು. ಸಂಗವ್ವ ತನ್ನ ಕೈಯಲ್ಲಿದ್ದ ಎರಡು ಬೆಳ್ಳಿ ಕಡಗಗಳನ್ನು ನೋಡಿಕೊಂಡಳು.

“ಇದು ನನ್ನ ಕೈ,” ಎಂದಳು. “ಐಶೂ! ಏ ಐಶೂ! ಕೆಳಗ ಬಾ. ನನ್ನ ಕೈ ಯಾರೋ ಒಯ್ದಾರ!”

ಐಶ್ವರ್ಯಾ ಓಡಿ ಬಂದು ಫೋನ್ ಕಸಿದುಕೊಂಡಳು. ಹಿಟ್ಟು ಅಗಲವಾಯಿತು, ತಾಳ ತಪ್ಪಿಸಿದಾಗ ಅಂಚು ಹರಿಯಿತು, ಒಲೆಗೆ ಹೋಯಿತು. ಉಣ್ಣುವವರ ಸಾಲಿನಲ್ಲಿ ಕೂಸಿತ್ತು, ಕೂಸಿಗೆ ಟೈ ಕಟ್ಟಿದ್ದರು. ನೀಲಕಂಠಪ್ಪನ ಮೀಸೆಯ ಮಾವ ಹಾಗೇ ಇದ್ದ, ಅವನ ಮೇಲೆ ಕೋಟು ಬಂದಿತ್ತು. ಪಿಜ್ಜಾಕ್ಕೆ ನೀರು ಸವರುವವರು ಯಾರಿದ್ದಾರೆ? ಆದರೂ ಆಟದಲ್ಲಿ ನೀರು ಸವರಬೇಕಿತ್ತು. ಅದನ್ನು ತೆಗೆದುಹಾಕುವಷ್ಟು ಶ್ರಮವನ್ನೂ ಆ ಕಳ್ಳರು ತೆಗೆದುಕೊಂಡಿರಲಿಲ್ಲ. ಮೊದಲ ಚಿತ್ರದಲ್ಲಿ ಮಾತ್ರ ಒಲೆ ಇರಲಿಲ್ಲ, ಇಬ್ಬರ ಹೆಸರೂ ಇರಲಿಲ್ಲ. ಅಲ್ಲಿ ಮುಂಬೈ ಕಂಪನಿಯ ಹೆಸರು ಹೊಳೆಯುತ್ತಿತ್ತು.

ನೀಲಕಂಠಪ್ಪ ಅಂಗಡಿಯಿಂದ ಬರುವ ಹೊತ್ತಿಗೆ ಮಗಳು ಪಡಸಾಲೆಯಲ್ಲೇ ನಿಂತಿದ್ದಳು.

“ತಗೊಳ್ರಿ, ಆಡ್ರಿ. ನಿಮ್ಮ ಹೊಳೆಯಪ್ಪನ ಮಗಾ ಮಾಲು ಮಾರ್‍ಯಾನ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, “ಒಂದರಂಗ ಇನ್ನೊಂದು ಇರೂದಿಲ್ಲೇನ?” ಎಂದ.

“ನೀಲ್ಯಾ!” ಸಂಗವ್ವನ ದನಿ ಓಣಿಗೆ ಕೇಳುವಷ್ಟು ಏರಿತು. “ನಿನ್ನ ಸಾಕಿದ ಈ ಕೈ ಸಪ್ಪಳ ನನಗ ಗೊತ್ತಾಗೂದಿಲ್ಲಂತೀಯೇನ? ಮಗಳ ಮಾಲು ಕೊಟ್ಟಿ, ನನ್ನ ಕೈನೂ ಕೊಟ್ಟಿ. ಇನ್ನ ಈ ಕೈ ನಿನಗ ರೊಟ್ಟಿ ಬಡಿಯೂದಿಲ್ಲ. ರೊಟ್ಟಿ ಬೇಕಂದ್ರ ಮುಂಬೈಗೆ ಹೇಳಿ ಕಳಸು!”

ಮಾತಿಗೆ ಹೇಳಿದಳೆಂದು ಎಲ್ಲರೂ ತಿಳಿದರು. ಮರುದಿನ ಒಲೆಯ ಮೇಲೆ ಅನ್ನದ ಪಾತ್ರೆ ಬಿಟ್ಟರೆ ಬೇರೇನೂ ಇರಲಿಲ್ಲ. ಸಂಗವ್ವ ಪಡಸಾಲೆಯಲ್ಲಿ ಕೈ ಕಟ್ಟಿ ಕೂತಿದ್ದಳು. ನೀಲಕಂಠಪ್ಪ ಹೆಂಡತಿಯ ಕಡೆ ನೋಡಿದ.

“ನೀ ಆದ್ರೂ ನಾಕು ಬಡಿ.”

“ಅತ್ತಿ ಬಡಿಯೂದಿಲ್ಲ ಅಂದ ಮ್ಯಾಲೆ ನಾ ಬಡಿಯಾಂಗಿಲ್ರಿ,” ಎಂದಳು ದ್ರಾಕ್ಷಾಯಿಣಿ. “ತಡೀರಿ ಅಂತ ಅವತ್ತ ನಾನೂ ಹೇಳಿದ್ದೆ. ಬಾಗಿಲಾಗ ನಿಂತ ಹೆಂಗಸಿನ ಮಾತು ನಿಮ್ಮ ಕಿವ್ಯಾಗ ಹೋಗಲಿಲ್ಲ. ಅನ್ನ ಉಣ್ರಿ.”

ವಾರಗಳು ಕಳೆದವು. ಮೂರು ಹೊತ್ತೂ ಅನ್ನ, ಇಲ್ಲದಿದ್ದರೆ ಖಾನಾವಳಿಯಿಂದ ಕಟ್ಟಿಸಿ ತಂದ ಸೆಟೆದ ರೊಟ್ಟಿ. ಶಿವಯೋಗೀಶ ತಾಟು ತಳ್ಳಿ ಎದ್ದು ಹೋಗುವುದೂ, ತಾಯಿ ಅದನ್ನು ಹಾಗೇ ಮುಚ್ಚಿಟ್ಟು ಸಂಜೆಗೆ ಅದನ್ನೇ ಬಡಿಸುವುದೂ ನಡೆಯಿತು.

“ಒಂದು ಆಟದ ಸಲುವಾಗಿ ಮನಿ ಮಂದಿಯೆಲ್ಲಾ ಉಪವಾಸ ಇರೂದೇನ?” ಎಂದು ಅವನು ರೇಗಿದ.

“ನಿನ್ನ ಹೆಸರಿನ ಅಂಗಡಿ ಬ್ಯಾರೆಯವರ ಹೆಸರಿಗೆ ಆಗಲಿ, ಅವತ್ತ ಮಾತಾಡು,” ಎಂದಳು ಐಶ್ವರ್ಯಾ.

ಮನೆಯೊಳಗೆ ಎಷ್ಟು ಕೂಗಾಡಿದರೂ ಅವಳಿಗೆ ಅಬೀದಾಳ ಮುಂದೆ ನಿಲ್ಲುವುದು ಅದಕ್ಕಿಂತ ಕಷ್ಟವಾಯಿತು. ಅಬೀದಾ ಬೈಯಲಿಲ್ಲ. ಮಾಳಿಗೆಯ ಕೋಣೆಗೆ ಬಂದು, ತಾನು ಬಿಡಿಸಿದ್ದ ಹಾಳೆಗಳನ್ನು ಒಂದೊಂದಾಗಿ ಎತ್ತಿಕೊಂಡಳು.

“ಎಲ್ಲಿ ಒಯ್ಯಾಕತ್ತಿ?”

“ನಮ್ಮನಿಗೆ. ಇಲ್ಲಿಟ್ರ ನಿಮ್ಮಪ್ಪ ಯಾರಿಗೆ ಕೊಡ್ತಾರೋ!”

“ಅಬೀದಾ, ನಾ ಕೊಟ್ಟಿಲ್ಲ.”

“ನೀ ಕೊಟ್ಟಿಲ್ಲ. ಆದ್ರ ಅವರು ನಿನಗ ಅಪ್ಪ, ನನಗ ಏನಾಗ್ಬೇಕು? ನಿಮ್ಮ ಮನ್ಯಾಗ ಎಲ್ಲಾರೂ ಐಶೂನ ಆಟ ಹೋತು ಅಂತಾರ. ನನ್ನ ಹೆಸರ ಮೊದಲಿತ್ತು ಅದರಾಗ. ನಿಮ್ಮಪ್ಪಗ ಅದು ಗೊತ್ತೈತೇನ?”

ಇಬ್ಬರೂ ಅತ್ತರು, ಅತ್ತ ಮೇಲೆ ಇಬ್ಬರಿಗೂ ಸಿಟ್ಟು ಬಂತು. ಮಾರಲಿಕ್ಕೆ ಬಾರದಿದ್ದರೆ ಬೇಡ, ಸುಮ್ಮನೆ ಕೊಡೋಣ ಎಂದು ಹೊರಟರು. ಓಣಿಯ ಮೆಹಬೂಬನ ಮೊಬೈಲ್ ಅಂಗಡಿಗೆ ಹೋಗಿ, ಬಂದ ಗಿರಾಕಿಗಳ ಫೋನಿಗೆಲ್ಲ ರೊಟ್ಟಿಯ ಆಟ ಹಾಕಿಕೊಡಲು ಹೇಳಿದರು. ಅವನಿಂದ ಇನ್ನೊಂದು ಅಂಗಡಿಗೆ, ಅಲ್ಲಿಂದ ತಾರಿಹಾಳದ ಕಾರ್ಖಾನೆ ಹುಡುಗರಿಗೆ ಆಟ ಹೋಯಿತು. ಪಾಳಿ ಬಿಟ್ಟು ಬಂದ ಹುಡುಗರು ಬಸ್ ಸ್ಟಾಪಿನಲ್ಲಿ ನಿಂತು ರೊಟ್ಟಿ ಬಡಿದರು. ‘ಈ ಮಾವ ಥೇಟ್ ನಮ್ಮ ಮಾವನಂಗ ಅದಾನ’ ಎಂದು ಬಿದ್ದು ಬಿದ್ದು ನಕ್ಕರಂತೆ. ಅದನ್ನು ಕೇಳಿ ಅಬೀದಾ ಹಾಳೆಗಳನ್ನು ತಿರುಗಿ ಮಾಳಿಗೆಗೆ ತಂದಳು.

ಆ ಸುಖ ಬಹಳ ಬಾಳಲಿಲ್ಲ. ಮೆಹಬೂಬನ ಅಂಗಡಿಗೆ ವಕೀಲರ ನೋಟಿಸು ಬಂತು. ‘ಪಿಜ್ಜಾ ರಾಜಾ’ ಆಟದ ನಕಲನ್ನು ಹಂಚುತ್ತಿದ್ದೀರಿ, ನಿಲ್ಲಿಸದಿದ್ದರೆ ಕೋರ್ಟಿಗೆ ಬರಬೇಕಾಗುತ್ತದೆ ಎಂದು ಅದರಲ್ಲಿತ್ತು. ನಕಲಂತೆ! ಮೆಹಬೂಬ ಬಡಪಾಯಿ, ಕೈ ಮುಗಿದು ಆಟವನ್ನು ಅಳಿಸಿಹಾಕಿದ. ಹುಡುಗಿಯರು ಒಬ್ಬ ವಕೀಲರ ಹತ್ತಿರ ಹೋದರು. ಅವರು ಎಲ್ಲ ಕೇಳಿ, “ನಿಮ್ಮದ ಖರೇ ಐತ್ರೆವಾ. ಆದ್ರ ಅವರು ಕೇಸನ್ನ ಮುಂಬೈದಾಗ ಎಳದಾಡಸ್ತಾರ. ನೀವು ಮುದುಕ್ಯಾರಾಗೂತನ ಓಡ್ಯಾಡ್ತೀರೇನ?” ಎಂದರು.

ಈಗ ನೀಲಕಂಠಪ್ಪನಿಗೂ ತಡೆಯಲಾಗಲಿಲ್ಲ. ಪಕ್ಕದ ಅಂಗಡಿಗೆ ಹೋಗಿ ಹೊಳೆಯಪ್ಪನನ್ನು ಕೇಳಿದ. ಹೊಳೆಯಪ್ಪ ಮಗನಿಗೆ ಫೋನ್ ಹಚ್ಚಿ ಬೈದ. ಅದರ ಫಲವಾಗಿ, ಬರುವ ರವಿವಾರ ಕಲ್ಲೇಶ ಕಂಪನಿಯ ಕಾಗದ ಹಿಡಿದುಕೊಂಡು ತಾನೇ ಬರುತ್ತಾನೆ, ಎಲ್ಲ ಬಗೆಹರಿಸುತ್ತಾನೆ ಎಂಬ ಸುದ್ದಿ ಬಂತು.

“ಊಟಕ್ಕ ಬಾ ಅಂದೇನಿ,” ಎಂದ ನೀಲಕಂಠಪ್ಪ ಮನೆಯಲ್ಲಿ.

“ಊಟಕ್ಕ?” ಐಶ್ವರ್ಯಾ ಕಣ್ಣು ಕೆಂಪಗೆ ಮಾಡಿದಳು. “ಆರತಿನೂ ಮಾಡ್ಬೇಕೇನ್ರಿ?”

“ಮನಿಗೆ ಬಂದಾವ್ರನ್ನ ಉಣ್ಣಸದ ಕಳಿಸಿದ ಮನಿ ಅಲ್ಲಿದು. ಕುಂತು ಮಾತಾಡಿದ್ರ ಬಗಿಹರೀತೈತಿ.”

ರವಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ತಾಟು ಹಾಕಿದರು. ಐಶ್ವರ್ಯಾ ಅಬೀದಾಳನ್ನೂ ಕರೆಸಿದ್ದಳು. ಇಬ್ಬರೂ ಗೋಡೆಗೆ ಒರಗಿ ನಿಂತರು. ಕಲ್ಲೇಶ ಕೈಕಾಲು ತೊಳೆದು ಬಂದು, ನೀಲಕಂಠಪ್ಪ ಮತ್ತು ಶಿವಯೋಗೀಶರ ನಡುವೆ ಕೂತ. ದ್ರಾಕ್ಷಾಯಿಣಿ ಎಣ್ಣೆಗಾಯಿ, ಶೇಂಗಾಪುಡಿ, ಮೊಸರು, ಖಾನಾವಳಿಯ ರೊಟ್ಟಿ ಬಡಿಸಿದಳು.

“ಇದೇನ ಆಯೀ, ನಿಮ್ಮ ಕೈ ರೊಟ್ಟಿ ಇಲ್ಲೇನ್ರಿ?” ಎಂದ ಕಲ್ಲೇಶ, ರೊಟ್ಟಿ ಮುರಿಯುತ್ತಾ.

“ನನ್ನ ಕೈ ನಿಮ್ಮ ಕಂಪನ್ಯಾಗ ದುಡ್ಯಾಕ ಹೋಗೈತಲ್ಲಪ್ಪಾ,” ಎಂದಳು ಸಂಗವ್ವ.

ಕಲ್ಲೇಶ ನಕ್ಕಂತೆ ಮಾಡಿ, ಎಡಗೈಯಿಂದ ಚೀಲದೊಳಗಿನ ಕಾಗದ ತೆಗೆದು ಪಕ್ಕದಲ್ಲಿಟ್ಟ.

“ನೋಡ್ರಿ ಕಾಕಾ, ನಾ ಸಾಹೇಬ್ರ ಕೂಡ ಜಗಳಾಡಿ ಇದನ್ನ ತಂದೇನಿ. ಇಬ್ಬರೂ ಇದಕ್ಕ ಸಹಿ ಮಾಡಿದ್ರ ನೋಟಿಸು ತಿರುಗಿ ತಗೋತಾರ. ಒಂದಿಷ್ಟು ರೊಕ್ಕಾನೂ ಕೊಡ್ತಾರ. ಮುಂದ ಮನ್ಯಾಗ ಕುಂತ ನಮಗ ಆಟ ಮಾಡಿಕೊಡಬಹುದು, ತಿಂಗಳಾ ಪಗಾರ.”

“ಏನಂತ ಸಹಿ ಮಾಡ್ಬೇಕು?” ಎಂದಳು ಐಶ್ವರ್ಯಾ.

“ಆಟ ಮೊದಲಿಂದ ಕಂಪನೀದು ಅಂತ. ಬರೀ ಕಾಗದದ ಮಾತು.”

“ಬರೀ ಕಾಗದದ ಮಾತಾದ್ರ ನಮ್ಮದು ಅಂತ ನೀವ ಬರಕೊಡ್ರಿ,” ಎಂದಳು ಅಬೀದಾ.

ಕಲ್ಲೇಶನಿಗೆ ಈಗ ಸ್ವಲ್ಪ ರೇಗಿತು. “ನಿಮಗ ಈ ಬಾಜಾರ ಗೊತ್ತಿಲ್ಲ. ಒಂದು ಆಟ ನೂರು ನಮೂನಿ ಫೋನಿನ್ಯಾಗ ನಡೀಬೇಕು, ಅದಕ್ಕ ಮಂದಿ ಇಡಬೇಕು. ಸಿಮ್ ಕಂಪನಿಯವರ ಬಾಗಿಲಾ ಕಾಯಬೇಕು. ಟೀವ್ಯಾಗ ಜಾಹೀರಾತ ಹಾಕಬೇಕು. ಇದೆಲ್ಲಾ ಯಾರ ಮಾಡ್ಯಾರ? ನಾವು. ನಿಮ್ಮ ಆಟ ಮಾಳಗಿ ಮ್ಯಾಲೆ ಧೂಳ ತಿನ್ನಾಕತ್ತಿತ್ತು. ಇವತ್ತ ದೇಶದ ತುಂಬ ಮಂದಿ ಆಡಾಕತ್ತಾರ. ಅದಕ್ಕರ ಖುಷಿ ಪಡ್ರಿ.”

“ಬಾಗಿಲಾ ಮುಚ್ಚಿ ಹಿಡಿದಾವರೂ ನೀವ, ತಗದು ಕೊಟ್ಟೇವಿ ಅಂತ ಹೇಳಾವರೂ ನೀವ?” ಐಶ್ವರ್ಯಾ ಗೋಡೆ ಬಿಟ್ಟು ಮುಂದೆ ಬಂದಳು. “ರೊಕ್ಕ ನೀವ ತಗೊಳ್ರಿ. ಜಾಹೀರಾತ ನಿಮ್ಮದ ಇರಲಿ. ಮೊದಲನೇ ಚಿತ್ರದಾಗ ನಮ್ಮಿಬ್ಬರ ಹೆಸರ ಹಾಕ್ರಿ. ಇಲ್ಲೇ ಸಹಿ ಮಾಡ್ತೇನಿ.”

ಅಬೀದಾ ಅವಳ ಕಡೆ ತಿರುಗಿ ನೋಡಿದಳು, ಆಮೇಲೆ ತಾನೂ ತಲೆ ಆಡಿಸಿದಳು. ಇಷ್ಟಕ್ಕೆ ಇಳಿದರಲ್ಲ ಹುಡುಗಿಯರು ಎಂದು ದ್ರಾಕ್ಷಾಯಿಣಿಯ ಕಣ್ಣು ತುಂಬಿತು.

“ಹೆಸರಾ?” ಕಲ್ಲೇಶ ಮೊಸರಿಗೆ ಕೈ ಹಾಕಿದ. “ಕಂಪನಿ ಹೆಸರ ಬಿಟ್ರ ಬ್ಯಾರೆ ಯಾರ ಹೆಸರೂ ಬರೂದಿಲ್ಲ ತಂಗೀ. ಹೆಸರಿಗೇನ ಬೆಲಿ ಐತಿ? ಆಟ ಆಡಾವರು ಹೆಸರ ಓದತಾರೇನ?”

ಶಿವಯೋಗೀಶ, “ಸಹಿ ಮಾಡಿ ಬಿಡ್ರವಾ, ಈ ಪೀಡಾ ತೊಲಗಲಿ,” ಎಂದ. ಎಲ್ಲರೂ ನೀಲಕಂಠಪ್ಪನ ಕಡೆ ನೋಡುತ್ತಿದ್ದರು. ಅವನು ಮುರಿದ ರೊಟ್ಟಿಯನ್ನು ಬಾಯಿಗೆ ಇಟ್ಟುಕೊಂಡಿರಲಿಲ್ಲ.

“ಕಲ್ಲೇಶಾ, ನಿಮ್ಮಪ್ಪ ಚೀಲದ ಮ್ಯಾಲೆ ಏನ ಬರಸ್ತಾನ?” ಎಂದ.

“ಏನ್ರಿ ಕಾಕಾ?”

“ಮಾಲು ತುಂಬಿ ಹೊಲಿದ ಮ್ಯಾಲೆ ಚೀಲಕ್ಕ ಬಣ್ಣದಿಂದ ಏನ ಬರಸ್ತಾನ?”

“ಹೆಸರ. ಅಂಗಡಿ ಹೆಸರ.”

“ಆ ಹೆಸರ ಅಳಿಸಿ ತನ್ನ ಹೆಸರ ಹಚ್ಚಿ ಮಾರಾಂವಗ ಪ್ಯಾಟ್ಯಾಗ ಏನಂತಾರ?”

“ಕಾಕಾ, ಅದು ಕಾಳಿನ ಪ್ಯಾಟಿ. ಇದು ಬ್ಯಾರೆ.”

“ಏನಂತಾರ ಹೇಳು.”

ಕಲ್ಲೇಶ ರೊಟ್ಟಿಯ ತುಂಡಿಗೆ ಎಣ್ಣೆಗಾಯಿ ಹಚ್ಚಿಕೊಂಡ. ಉಣ್ಣುವುದನ್ನು ಬಿಡಲಿಲ್ಲ. ನೀಲಕಂಠಪ್ಪ ಕೈ ಚಾಚಿ ಅವನ ತಾಟನ್ನು ಎಳೆದುಕೊಂಡ.

“ಏಳು.”

“ಕಾಕಾ...”

“ಕಳ್ಳ ಅಂತಾರ. ನಿನಗ ಹೇಳಾಕ ಬಾಯಿ ಬರಲಿಲ್ಲ, ನಾ ಹೇಳೇನಿ. ಏಳು, ನನ್ನ ಮನಿ ಅನ್ನ ಉಣ್ಣಬ್ಯಾಡ. ಆ ಕಾಗದ ತಗೊಂಡು ಹೋಗು. ಕೋರ್ಟಿಗೆ ಕರೀರಿ, ಬರ್ತೇವಿ.”

ಆ ಮನೆಯಲ್ಲಿ ಉಣ್ಣಲು ಕೂತವರನ್ನು ಎಬ್ಬಿಸಿದ್ದು ಯಾರಿಗೂ ನೆನಪಿಲ್ಲ. ಸಾಲಗಾರರನ್ನೂ ಎಬ್ಬಿಸಿರಲಿಲ್ಲ, ಜಗಳಾಡಿ ಬೇರೆಯಾದ ದಾಯಾದಿಗಳನ್ನೂ ಎಬ್ಬಿಸಿರಲಿಲ್ಲ. ಕಲ್ಲೇಶ ಎಂಜಲು ಕೈಯಲ್ಲೇ ಕಾಗದ ಎತ್ತಿಕೊಂಡು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, “ಇದರ ಪರಿಣಾಮ ಛಲೋ ಆಗೂದಿಲ್ಲ ಕಾಕಾ,” ಎಂದ. ಸಂಗವ್ವ ಅವನ ಹಿಂದೆಯೇ ಹೋಗಿ ಬಾಗಿಲನ್ನು ಧಡಾರನೆ ಹಾಕಿಕೊಂಡು ಬಂದಳು.

ನೀಲಕಂಠಪ್ಪ ಕಲ್ಲೇಶನ ತಾಟನ್ನು ಪಕ್ಕಕ್ಕೆ ಸರಿಸಿದ. ತಾನು ಮಾಡಿದ್ದನ್ನು ತಾನೇ ಸರಿಪಡಿಸಿದೆ ಎನ್ನುವ ಹಾಗೆ ಮಗಳ ಕಡೆ ನೋಡಿದ. ಮುಖ ಸ್ವಲ್ಪ ಬೆಳಗಿತ್ತು ಕೂಡ.

“ಆತಲ್ಲವಾ? ಎಬ್ಬಿಸಿ ಕಳಿಸಿದೆ. ಈಗರ ಸಿಟ್ಟು ಇಳೀತಿಲ್ಲೋ?”

“ಇಲ್ರಿ,” ಎಂದಳು ಐಶ್ವರ್ಯಾ.

ಅವನ ಮುಖ ಸಣ್ಣದಾಯಿತು. “ಇನ್ನೇನ ಮಾ‍ಡ್ಲಿ ಹೇಳು? ಅವನ ಕಾಲ ಮುರೀಲೇನ?”

“ನೀವು ಅವನ್ನ ಎಬ್ಬಿಸಿದ್ದು ನಿಮ್ಮ ಪ್ಯಾಟಿ ಮರ್ಯಾದಿ ಸಲುವಾಗಿ. ಅದರಿಂದ ನಮ್ಮ ಆಟ ತಿರುಗಿ ಬರೂದಿಲ್ಲ. ನಾಳೆ ಅದನ್ನ ಯಾರಿಗೆ ತೋರಿಸಿದ್ರೂ ಪಿಜ್ಜಾ ರಾಜಾನ ನಕಲು ಅಂತಾರ. ಇಕಿ ಇಷ್ಟ ದಿನಾ ಕುಂತ ಬರದ ಹೆಸರನ್ನ ಇನ್ನ ಎಲ್ಲಿ ಹಚ್ಚೋದ್ರಿ?” ಅವಳು ಅಬೀದಾಳ ಕೈ ಹಿಡಿದಿದ್ದಳು. “ಅಂವ ಕಳ್ಳ, ಖರೇ. ಅವಗ ಕೊಟ್ಟಾವರ ಯಾರು? ಒಂದು ಮಾತು ನನ್ನ ಕೇಳಿದ್ರೇನ್ರಿ?”

“ಕೇಳಿದ್ರ ನೀ ಕೊಡ್ತಿದ್ದಿಲ್ಲ!” ನೀಲಕಂಠಪ್ಪ ಕೂಗಿಬಿಟ್ಟ.

“ಕೊಡ್ತಿದ್ದಿಲ್ರಿ,” ಎಂದಳು ಮಗಳು. “ಅದಕ್ಕ ಕೇಳಬೇಕಾಗಿತ್ತು.”